ಕ್ಲಬ್ಬಿನ ಬ್ರಿಡ್ಜ್ ಆಟದಲ್ಲಿ ನಡತೆ, ನಿಯಮ, ದಂಡ: ಡೈರೆಕ್ಟರನ್ನು ಯಾವಾಗ ಕರೆಯಬೇಕು, ಬಂದವರು ಏನು ಮಾಡಬೇಕು

ಕ್ಲಬ್ಬಿನ ಸಂಜೆ ಆಟದಲ್ಲಿ ನಾನು ಜಾಸ್ತಿ ಕೇಳಿರುವ ಮಾತು ಇದು: "ಬಿಡಿ ಸಾರ್, ಹೋಗ್ಲಿ, ನಮ್ಮೋರೇ ತಾನೇ." ಯಾರೋ ತಪ್ಪು ಎಲೆ ಹಾಕಿರುತ್ತಾರೆ. ಎದುರಾಳಿ ದೊಡ್ಡ ಮನಸ್ಸು ಮಾಡಿ "ವಾಪಸ್ ತಗೊಳ್ಳಿ" ಅಂತಾರೆ, ಆಟ ಮುಂದೆ ಹೋಗುತ್ತದೆ. ನೋಡೋಕೆ ಒಳ್ಳೆಯತನವೇ. ಮನೆಯಲ್ಲಿ ನಾಲ್ಕು ಜನ ಕೂತು ಆಡುವಾಗ ಖಂಡಿತ ಹಾಗೆ ಮಾಡಿ.

ಒಂದೇ ಎಲೆಗಳನ್ನು ಬೇರೆ ಬೇರೆ ಜೋಡಿ ಆಡಿ ಅಂಕ ಹೋಲಿಸುವ ಡೂಪ್ಲಿಕೇಟ್ ಆಟದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಯಾಕೆ ಅಂದರೆ ಅದೇ ಬೋರ್ಡು, ಅಂದರೆ ನಾಲ್ವರ ಎಲೆಗಳನ್ನು ನಾಲ್ಕು ಜೇಬಿನಲ್ಲಿಟ್ಟ ಹಲಗೆ, ಎಲ್ಲ ಟೇಬಲ್ಲಿಗೂ ಹೋಗುತ್ತದೆ. ನೀವು ನಾರ್ತ್-ಸೌತ್ (ಎದುರುಬದುರು ಕೂತ ಇಬ್ಬರು ಒಂದು ಜೋಡಿ) ಕೂತು ಈಸ್ಟ್-ವೆಸ್ಟ್ ಮಾಡಿದ ತಪ್ಪನ್ನು ಮನ್ನಾ ಮಾಡಿದಿರಿ ಅಂತಿಟ್ಟುಕೊಳ್ಳಿ. ಆ ಈಸ್ಟ್-ವೆಸ್ಟ್ ಜೋಡಿಗೆ ಸಿಕ್ಕ ಹೆಚ್ಚಿನ ಅಂಕ, ಅದೇ ಎಲೆ ಹಿಡಿದು ಸರಿಯಾಗಿ ಆಡಿದ ಉಳಿದ ಈಸ್ಟ್-ವೆಸ್ಟ್ ಜೋಡಿಗಳ ಪರ್ಸೆಂಟೇಜಿನಿಂದ ಹೋಗುತ್ತದೆ. ಅವರು ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದಾರೆ, ಅವರನ್ನು ಯಾರೂ ಕೇಳಿಲ್ಲ. ದಂಡ ಮನ್ನಾ ಮಾಡಿ ಅಂತ ತಪ್ಪು ಮಾಡದ ಪಕ್ಷದವರು ಡೈರೆಕ್ಟರನ್ನು, ಅಂದರೆ ಆಟ ನಡೆಸಿ ತೀರ್ಪು ಕೊಡುವವರನ್ನು, ಕೇಳಿಕೊಳ್ಳಬಹುದು, ಸಕಾರಣ ಇದ್ದರೆ ಡೈರೆಕ್ಟರ್ ಒಪ್ಪಬಹುದು. ಆಟಗಾರರು ತಾವೇ ಮನ್ನಾ ಮಾಡುವಂತಿಲ್ಲ.

ಈ ಬರಹ ಹೊಸದಾಗಿ ಕ್ಲಬ್ಬಿಗೆ ಬರುವವರಿಗೆ, ಹಾಗೆಯೇ ಸಣ್ಣ ಕ್ಲಬ್ಬುಗಳಲ್ಲಿ ಆಡುತ್ತಲೇ ಡೈರೆಕ್ಟರ್ ಕೆಲಸವನ್ನೂ ಹೊತ್ತುಕೊಂಡಿರುವವರಿಗೆ. ಇಲ್ಲಿ ಹೇಳುವುದೆಲ್ಲ ವಿಶ್ವ ಬ್ರಿಡ್ಜ್ ಫೆಡರೇಶನ್ನಿನ 2017ರ ಡೂಪ್ಲಿಕೇಟ್ ನಿಯಮಗಳ ಪ್ರಕಾರ. ಒಟ್ಟು 93 ನಿಯಮ. 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದುಕೊಟ್ಟ ಆಟ ಇದು. ಬುಧವಾರ ಸಂಜೆ ಐದು ಟೇಬಲ್ ಹಾಕಿಕೊಂಡು ಆಡುವ ನಮಗೂ ಇರುವುದು ಅದೇ ಆಟ, ಬೇರೆ ಸಡಿಲ ನಿಯಮ ಅಂತ ಇಲ್ಲ.

ಆಟ ಶುರುವಾಗುವ ಮೊದಲು

ಕ್ಲಬ್ಬಿನವರು ಮೊದಲು ಮಾಡಬೇಕಾದ್ದು, ಈ ದಿನ ಡೈರೆಕ್ಟರ್ ಯಾರು ಅಂತ ಎಲ್ಲರಿಗೂ ಕೇಳಿಸುವಂತೆ ಹೇಳುವುದು. ಎಷ್ಟೋ ಕಡೆ ಇದನ್ನೇ ಹೇಳುವುದಿಲ್ಲ. ತಕರಾರು ಬಂದಾಗ ಹಾಲ್‌ನಲ್ಲಿ ಅತಿ ಹಿರಿಯರು ಯಾರೋ ಅವರು ಕೂತಲ್ಲಿಂದಲೇ ತೀರ್ಪು ಕೊಡುತ್ತಾರೆ. ಡೈರೆಕ್ಟರ್ ಸ್ವತಃ ಆಡುತ್ತಿದ್ದರೆ ಅವರ ಟೇಬಲ್ಲಿನ ತಕರಾರು ನೋಡಲು ಇನ್ನೊಬ್ಬರನ್ನೂ ಗೊತ್ತು ಮಾಡಿಡಿ. ನಿಯಮದ ಪುಸ್ತಕದ ಒಂದು ಪ್ರತಿ ಟೇಬಲ್ ಮೇಲೆ ಇರಲಿ. ರೌಂಡಿಗೆ ಎಷ್ಟು ನಿಮಿಷ, ಮೊಬೈಲ್ ಏನು ಮಾಡಬೇಕು, ಯಾವ ಬಿಡ್‌ಗೆ ಅಲರ್ಟ್ ಮಾಡಬೇಕು (ವಿಶೇಷ ಅರ್ಥ ಇದೆ ಅಂತ ಎದುರಾಳಿಗೆ ತಿಳಿಸಬೇಕು), ತಡ ಮಾಡಿದರೆ ದಂಡ ಎಷ್ಟು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಮ್ಮಲ್ಲಿ 2 ಬೋರ್ಡಿಗೆ 15 ನಿಮಿಷ. ಮುಂಚೆಯೇ ಬರೆದಿಟ್ಟ ದಂಡವನ್ನು ಜನ ಒಪ್ಪುತ್ತಾರೆ. ಆಗಿಂದಾಗ ಹೇಳಿದರೆ "ನನಗೆ ಮಾತ್ರ ಯಾಕೆ" ಅಂತ ಶುರುವಾಗುತ್ತದೆ.

ಆಟಗಾರರ ಪಾಲಿನ ತಯಾರಿ ಸಣ್ಣದು. ಟೇಬಲ್ಲಿಗೆ ಬಂದ ಎದುರಾಳಿಗೆ ನಮಸ್ಕಾರ ಹೇಳಿ. ನಿಮ್ಮ ಬಿಡ್ಡುಗಳ ಅರ್ಥ ಬರೆದ ಕನ್ವೆನ್ಶನ್ ಕಾರ್ಡ್ ಮುಂದೆ ಇಡಿ. ಎಲೆಗಳನ್ನು ಬೋರ್ಡಿನಿಂದ ತೆಗೆದು, ಮುಖ ನೋಡುವ ಮೊದಲೇ, ಕವುಚಿಟ್ಟುಕೊಂಡು 13 ಇವೆಯಾ ಅಂತ ಎಣಿಸಿ. ಇದು ಬರೀ ರೂಢಿಯಲ್ಲ, ನಿಯಮವೇ. ಹಿಂದಿನ ಟೇಬಲ್ಲಿನಲ್ಲಿ ಯಾರದೋ ಒಂದು ಎಲೆ ಬೇರೆ ಜೇಬಿಗೆ ಹೋಗಿದ್ದರೆ, ಎಣಿಸಿದರೆ ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ನೋಡಿಬಿಟ್ಟ ಮೇಲೆ ಗೊತ್ತಾದರೆ ಇಡೀ ಬೋರ್ಡೇ ಹಾಳಾಗಬಹುದು. ಆಡಿ ಮುಗಿದ ಮೇಲೆ ನಿಮ್ಮ 13 ಎಲೆಯನ್ನು ಒಮ್ಮೆ ಕಲಸಿ ವಾಪಸ್ ಇಡಿ. ಕಲಸದೆ ಇಟ್ಟರೆ ಮುಂದಿನವರಿಗೆ ಆಟ ನಡೆದ ಕ್ರಮವೇ ಕೈಗೆ ಸಿಗುತ್ತದೆ.

ಬಿಡ್ಡಿಂಗ್ ಹೊತ್ತಿನಲ್ಲಿ

ಬಿಡ್ಡಿಂಗ್ ಅಂದರೆ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ, ತುರುಫು ಯಾವುದು ಅಂತ ಸರದಿಯಲ್ಲಿ ಹೇಳುವುದು. ಅದನ್ನು ಬಾಯಲ್ಲಿ ಹೇಳದೆ ಕಾರ್ಡ್ ತೆಗೆದು ತೋರಿಸುವ ಬಿಡ್ಡಿಂಗ್ ಬಾಕ್ಸ್ ಬಂದ ಮೇಲೆ ದನಿಯಲ್ಲಿ ಸೂಚನೆ ಕೊಡುವ ಕಾಟ ಕಡಿಮೆಯಾಯಿತು. ಕೈಯ ಕಾಟ ಉಳಿದಿದೆ. ಒಬ್ಬರು ಬಲವಾದ ಕೈ ಇದ್ದಾಗ ಕಾರ್ಡನ್ನು ಟಪ್ ಅಂತ ಇಡುತ್ತಾರೆ, ಬಡಕಲು ಕೈ ಇದ್ದಾಗ ಮೆಲ್ಲಗೆ ಜಾರಿಸುತ್ತಾರೆ. ಬಾಕ್ಸಿನೊಳಗೆ ಬೆರಳಾಡಿಸಿ ಡಬಲ್ ಮುಟ್ಟಿ, ಬಿಟ್ಟು, ಪಾಸ್ ತೆಗೆಯುತ್ತಾರೆ. ಇವೆಲ್ಲ ಪಾರ್ಟ್‌ನರ್‌ಗೆ ಸುದ್ದಿ ಕಳಿಸಿದ ಹಾಗೆ. ಮೊದಲು ತೀರ್ಮಾನ ಮಾಡಿ, ಆಮೇಲೆ ಕೈ ಹಾಕಿ. ಪ್ರತಿ ಸಲ ಒಂದೇ ವೇಗ, ಒಂದೇ ರೀತಿ. ಸ್ಟಾಪ್ ಕಾರ್ಡ್ ಬಳಸುವ ಕ್ಲಬ್ಬಾದರೆ, ಎದುರಾಳಿ ಮಟ್ಟ ಹಾರಿಸಿ, ಜಿಗಿದು ಬಿಡ್ ಮಾಡಿದಾಗ ಸುಮಾರು 10 ಸೆಕೆಂಡ್ ಕಾಯಿರಿ, ಕೈಯಲ್ಲಿ ಏನೂ ಇಲ್ಲದಿದ್ದರೂ ಕಾಯಿರಿ.

ತಪ್ಪು ಕಾರ್ಡ್ ಕೈಗೆ ಅಂಟಿಕೊಂಡು ಬಂದರೆ, ಅಂದರೆ 1 ಸ್ಪೇಡ್ ತೆಗೆಯಲು ಹೋಗಿ 1 ನೋ ಟ್ರಂಪ್ ಬಂದರೆ, ಪಾರ್ಟ್‌ನರ್ ತಮ್ಮ ಬಿಡ್ ಮಾಡುವವರೆಗೂ ಬದಲಾಯಿಸಬಹುದು. ಮನಸ್ಸು ಬದಲಾದರೆ ಆಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ತೀರ್ಮಾನಿಸುವುದು ಡೈರೆಕ್ಟರ್, ನೀವಲ್ಲ.

ಕೊರತೆ ಬಿಡ್, ಅಂದರೆ ಹಿಂದಿನ ಬಿಡ್ಡಿಗಿಂತ ಕೆಳಗಿನದು, ಇದರ ಬಗ್ಗೆ ತುಂಬಾ ಗೊಂದಲ ಇದೆ. ನಿಮ್ಮ ಬಲಗಡೆಯವರು 1 ಸ್ಪೇಡ್ ಅಂದರು, ನೀವು ಗಮನಿಸದೆ 1 ಹಾರ್ಟ್ ಅಂದಿರಿ. ತಕ್ಷಣ ಗಾಬರಿಯಿಂದ 2 ಹಾರ್ಟ್ ಮಾಡಬೇಡಿ, ಏನೂ ಮುಟ್ಟಬೇಡಿ. ಡೈರೆಕ್ಟರ್ ಬರಲಿ. ನಿಮ್ಮ ಎಡಗಡೆಯವರಿಗೆ ಬೇಕಾದರೆ ಆ 1 ಹಾರ್ಟನ್ನೇ ಒಪ್ಪಿಕೊಂಡು ಅದರ ಮೇಲೆ ಬಿಡ್ ಮಾಡುವ ಹಕ್ಕಿದೆ. ಅವರು ಒಪ್ಪದಿದ್ದರೆ ನೀವು 2 ಹಾರ್ಟ್ ಮಾಡಬಹುದು, ಆಗ ಬೇರೆ ನಿರ್ಬಂಧ ಇಲ್ಲ. ಹೆಚ್ಚುಕಡಿಮೆ ಅದೇ ಅರ್ಥದ ಬೇರೆ ಬಿಡ್ ಆದರೂ ನಡೆಯುತ್ತದೆ. ಅದು ಬಿಟ್ಟು ಬೇರೇನೋ ಮಾಡಿದರೆ ನಿಮ್ಮ ಪಾರ್ಟ್‌ನರ್ ಆ ಬಿಡ್ಡಿಂಗ್ ಮುಗಿಯುವವರೆಗೂ ಪಾಸ್ ಹೇಳುತ್ತಲೇ ಇರಬೇಕು.

ಎದುರಾಳಿಯ ಬಿಡ್ ಅರ್ಥವಾಗದಿದ್ದರೆ ನಿಮ್ಮ ಸರದಿ ಬಂದಾಗ ಕೇಳಿ. ಉತ್ತರ ಕೊಡಬೇಕಾದವರು ಬಿಡ್ ಮಾಡಿದವರಲ್ಲ, ಅವರ ಪಾರ್ಟ್‌ನರ್. ಆ ಪಾರ್ಟ್‌ನರ್ ನಿಮ್ಮವರೇ ಆಗಿದ್ದು, ನಿಮ್ಮ ಬಿಡ್ಡಿಗೆ ತಪ್ಪು ಅರ್ಥ ಹೇಳಿದರು ಅನ್ನಿ. ಮುಖದಲ್ಲಿ ಏನೂ ತೋರಿಸಬೇಡಿ. ಕಾಂಟ್ರಾಕ್ಟ್ (ಕೊನೆಗೆ ನಿಂತ ಬಿಡ್) ನಿಮ್ಮ ಕಡೆಗೆ ಬಂದರೆ, ಕೊನೆಯ ಪಾಸ್ ಆದ ಮೇಲೆ, ಮೊದಲ ಎಲೆ ಬೀಳುವ ಮುಂಚೆ ಡೈರೆಕ್ಟರನ್ನು ಕರೆದು ಸರಿಪಡಿಸಿ. ನೀವು ಡಿಫೆನ್ಸ್‌ನಲ್ಲಿದ್ದರೆ (ಅದನ್ನು ಸೋಲಿಸಲು ಆಡುವ ಕಡೆ) ಆಟ ಮುಗಿಯುವವರೆಗೂ ಬಾಯಿ ಬಿಡಬಾರದು, ಬಿಟ್ಟರೆ ಪಾರ್ಟ್‌ನರ್‌ಗೆ ಸಹಾಯ ಮಾಡಿದ ಹಾಗೆ. ಪ್ರಾಮಾಣಿಕವಾಗಿರಬೇಕು ಅಂತ ತಕ್ಷಣ ಹೇಳಿಬಿಡುವ ಒಳ್ಳೆಯ ಜನ ಇದರಲ್ಲೇ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿದ್ದೇನೆ. ಪಾಪ ಅನಿಸುತ್ತದೆ.

ಡೈರೆಕ್ಟರನ್ನು ಕರೆಯುವುದು

ಕೈ ಎತ್ತಿ. "ಡೈರೆಕ್ಟರ್, ಪ್ಲೀಸ್." ಅಷ್ಟೇ. ಎದುರಾಳಿ ಕಡೆ ಬೆರಳು ತೋರಿಸಬೇಡಿ, ದನಿ ಏರಿಸಬೇಡಿ. ಒರಟಾಗಿ ಡೈರೆಕ್ಟರನ್ನು ಕರೆಯುವುದೂ ನಿಯಮ ಮೀರಿದ ಹಾಗೆಯೇ ಅಂತ ಪುಸ್ತಕದಲ್ಲೇ ಇದೆ. ಕರೆದ ಮೇಲೆ ಅವರು ಬರುವವರೆಗೆ ಯಾರೂ ಬಿಡ್ ಮಾಡಬಾರದು, ಎಲೆ ಹಾಕಬಾರದು. ಮುಂದುವರಿಸಿಬಿಟ್ಟರೆ ನಿಮಗೆ ಸಿಗಬೇಕಾಗಿದ್ದ ಪರಿಹಾರವೇ ಕೈ ತಪ್ಪಬಹುದು.

ನಮ್ಮ ಕಡೆ ಡೈರೆಕ್ಟರನ್ನು ಕರೆದರೆ ಪೊಲೀಸ್ ಕರೆದ ಹಾಗೆ ಮುಖ ಮಾಡುತ್ತಾರೆ. "ಏನ್ರೀ, ಇಷ್ಟಕ್ಕೆಲ್ಲ ಕರೀತೀರಾ?" ಈ ಮಾತನ್ನು ಕ್ಲಬ್ಬಿನಿಂದ ತೆಗೆದುಹಾಕಲು ಒಂದೇ ದಾರಿ ನನಗೆ ಕಂಡಿದೆ. ತಪ್ಪು ಮಾಡಿದವರೇ ಮೊದಲು ಕೈ ಎತ್ತುವುದು. ಹಿರಿಯ ಆಟಗಾರರು ನಾಲ್ಕು ವಾರ ಹಾಗೆ ಮಾಡಿ ತೋರಿಸಲಿ, ಹೊಸಬರ ಭಯ ತಾನಾಗಿ ಹೋಗುತ್ತದೆ.

ಡಮ್ಮಿಗೆ, ಅಂದರೆ ಕಾಂಟ್ರಾಕ್ಟ್ ಆಡುವ ಡಿಕ್ಲೇರರ್ ಎದುರಿಗೆ ತಮ್ಮ ಎಲೆ ಹರಡಿಟ್ಟು ಕೂತ ಪಾರ್ಟ್‌ನರ್‌ಗೆ, ಬೇರೆ ಕಟ್ಟು. ಆಟ ನಡೆಯುವಾಗ ತಪ್ಪನ್ನು ಮೊದಲಾಗಿ ಎತ್ತಿ ತೋರಿಸುವಂತಿಲ್ಲ. ಡಿಕ್ಲೇರರ್ ತಪ್ಪು ಕಡೆಯಿಂದ ಎಲೆ ಬಿಡಲು ಹೋದರೆ ತಡೆಯಬಹುದು, "ಆ ಬಣ್ಣ ಇಲ್ವಾ?" ಅಂತ ಕೇಳಬಹುದು (ಬಣ್ಣ ಅಂದರೆ ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಇವುಗಳಲ್ಲಿ ಒಂದು ಸೂಟ್). ಬೇರೆ ಯಾರಾದರೂ ತಪ್ಪನ್ನು ಎತ್ತಿದ ಮೇಲೆ ಡೈರೆಕ್ಟರನ್ನೂ ಕರೆಯಬಹುದು. ಪಾರ್ಟ್‌ನರ್ ಕೈ ಇಣುಕಿ ನೋಡಿದರೆ ಇವುಗಳಲ್ಲಿ ಕೆಲವು ಹಕ್ಕು ಹೋಗುತ್ತವೆ. ಡಿಕ್ಲೇರರ್ ಹೇಳುವ ಮೊದಲೇ ಎಲೆಯ ಮೇಲೆ ಬೆರಳಿಟ್ಟುಕೊಂಡು ಕೂರುವ ಡಮ್ಮಿಗಳಿಗೆ ಒಂದು ಮಾತು: ಅದೂ ಸೂಚನೆಯೇ, ದಯವಿಟ್ಟು ಬಿಡಿ.

ರಿವೋಕ್: ಒಂದು ಸಂಜೆಯ ಉದಾಹರಣೆ

ರಿವೋಕ್ ಅಂದರೆ ಆಡಿದ ಬಣ್ಣದ ಎಲೆ ಕೈಯಲ್ಲಿದ್ದೂ ಬೇರೆ ಬಣ್ಣದ್ದು ಹಾಕುವುದು. ಒಮ್ಮೆ ನಾನು ಡೈರೆಕ್ಟ್ ಮಾಡುತ್ತಿದ್ದಾಗ ಮೂರನೇ ಟೇಬಲ್ಲಿನಿಂದ ಕೈ ಮೇಲೆ ಬಂತು. ಕಾಂಟ್ರಾಕ್ಟ್ 4 ಸ್ಪೇಡ್, ಅಂದರೆ ಸ್ಪೇಡ್ ತುರುಫು, ಗೆಲ್ಲಬೇಕಾದದ್ದು ಹತ್ತು ಟ್ರಿಕ್; ವಲ್ನರಬಲ್ (ಸೋತರೆ ಹೆಚ್ಚು ಅಂಕ ಕಳೆಯುವ ಸ್ಥಿತಿ) ಅಲ್ಲ. ಡಿಕ್ಲೇರರ್ ಹೊಸದಾಗಿ ಕಲಿತ ಹುಡುಗಿ. ಆಕೆ ಡೈಮಂಡ್ ಬಿಟ್ಟಾಗ ಡಿಫೆನ್ಸ್‌ನಲ್ಲಿದ್ದ ಹಿರಿಯರೊಬ್ಬರು ಸ್ಪೇಡ್ ದುರಿಯಿಂದ ತುರುಫು ಹೊಡೆದರು. ಮುಂದಕ್ಕೆ ಹಾರ್ಟ್ ಆಡಿದರು. ಎರಡು ಟ್ರಿಕ್ ಆದ ಮೇಲೆ ಅವರ ಕೈಯಲ್ಲಿ ಹಾರ್ಟ್‌ಗಳ ಮಧ್ಯೆ ಡೈಮಂಡ್ ಆರು ಕಾಣಿಸಿತು. ಕೆಂಪಿನ ಪಕ್ಕ ಕೆಂಪು ಜೋಡಿಸಿದರೆ ಹೀಗೇ ಆಗುತ್ತದೆ. ಕೆಂಪು, ಕಪ್ಪು, ಕೆಂಪು, ಕಪ್ಪು ಅಂತ ಹಿಡಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

"ಅಯ್ಯೋ, ಡೈಮಂಡ್ ಇತ್ತಲ್ಲ" ಅಂದರು ಅವರೇ. ಹುಡುಗಿ "ಪರವಾಗಿಲ್ಲ ಅಂಕಲ್" ಅಂದಳು. ಡಮ್ಮಿ ಕೈ ಎತ್ತಿದರು. ತಪ್ಪು ಆಗಲೇ ಬಾಯಿಗೆ ಬಂದಿತ್ತಲ್ಲ, ಹಾಗಾಗಿ ಡಮ್ಮಿ ಕರೆದದ್ದು ಸರಿ.

ನಾನು ಕೇಳಿದ್ದು ಇಷ್ಟು. ತುರುಫು ಹೊಡೆದ ಮೇಲೆ ಅವರಾಗಲಿ ಅವರ ಪಾರ್ಟ್‌ನರ್ ಆಗಲಿ ಮುಂದಿನ ಟ್ರಿಕ್ಕಿಗೆ ಎಲೆ ಹಾಕಿದ್ದಾರಾ? ಹಾಕಿದ್ದಾರೆ. ಹಾಗಾದರೆ ರಿವೋಕ್ ಗಟ್ಟಿಯಾಯಿತು, ಇನ್ನು ಎಲೆ ವಾಪಸ್ ತೆಗೆಯುವ ಪ್ರಶ್ನೆ ಇಲ್ಲ. ಆಟ ಮುಗಿಸಿ, ಎಲೆಗಳನ್ನು ಕಲಸಬೇಡಿ, ಆಡಿದ ಕ್ರಮದಲ್ಲೇ ಮುಂದೆ ಬಿಡಿ, ಮುಗಿದ ಮೇಲೆ ಕರೆಯಿರಿ ಅಂದೆ.

ಮುಗಿದಾಗ ಡಿಫೆನ್ಸ್‌ಗೆ ನಾಲ್ಕು ಟ್ರಿಕ್ ಬಂದಿತ್ತು. ಹುಡುಗಿಗೆ ಒಂಬತ್ತು, ಒಂದು ಡೌನ್. ಈಗ ಲೆಕ್ಕ ನೋಡಿ. ರಿವೋಕ್ ಆದ ಟ್ರಿಕ್ಕನ್ನು ತಪ್ಪು ಮಾಡಿದ ಆಟಗಾರರೇ ಗೆದ್ದಿದ್ದರು. ಆಮೇಲೆ ಅವರ ಕಡೆಗೆ ಇನ್ನೊಂದಾದರೂ ಟ್ರಿಕ್ ಬಂದಿತ್ತು. ಇವೆರಡೂ ಸೇರಿದರೆ ಎರಡು ಟ್ರಿಕ್ ಎದುರಾಳಿಗೆ ದಾಟುತ್ತದೆ. ಒಂಬತ್ತು ಹನ್ನೊಂದಾಯಿತು. ಮೈನಸ್ 50 ಇದ್ದದ್ದು ಪ್ಲಸ್ 450 ಆಯಿತು. ಆ ಟ್ರಿಕ್ಕನ್ನು ಅವರು ಗೆದ್ದಿಲ್ಲದೆ, ಅವರ ಪಾರ್ಟ್‌ನರ್ ಗೆದ್ದಿದ್ದರೆ ಅಥವಾ ಅವರ ಕಡೆಗೆ ಆಮೇಲೆ ಮಾತ್ರ ಟ್ರಿಕ್ ಬಂದಿದ್ದರೆ, ಒಂದೇ ದಾಟುತ್ತಿತ್ತು. ಆ ಟ್ರಿಕ್ಕೂ ಇಲ್ಲ, ಆಮೇಲೂ ಅವರ ಕಡೆಗೆ ಒಂದೂ ಇಲ್ಲ ಅಂದರೆ ಏನೂ ದಾಟುವುದಿಲ್ಲ.

"ತಪ್ಪು ಮಾಡದಿದ್ದರೂ ಅವಳಿಗೆ ಹತ್ತೇ ಆಗ್ತಿತ್ತು, ಹನ್ನೊಂದು ಯಾಕೆ?" ಅಂತ ಹಿರಿಯರು ಕೇಳಿದರು. ಸರಿಯಾದ ಪ್ರಶ್ನೆ. ರಿವೋಕ್‌ನಿಂದ ಆದ ನಷ್ಟ ಎಷ್ಟು ಅಂತ ಪ್ರತಿ ಸಲ ಅಳೆಯಲು ಹೋದರೆ ಆಟ ಮುಗಿಯುವುದಿಲ್ಲ, ಅದಕ್ಕೇ ಲೆಕ್ಕ ಮೊದಲೇ ಗೊತ್ತುಮಾಡಿದೆ. ಮೋಸ ಮಾಡಿದಿರಿ ಅನ್ನುವ ಅರ್ಥ ಅದರಲ್ಲಿ ಇಲ್ಲ. ನಷ್ಟ ಆ ಲೆಕ್ಕಕ್ಕಿಂತ ಜಾಸ್ತಿ ಆಗಿದ್ದರೆ, ಉದಾಹರಣೆಗೆ ಡಮ್ಮಿಯಲ್ಲಿದ್ದ ಉದ್ದದ ಸೂಟ್‌ಗೆ ದಾರಿಯೇ ಮುಚ್ಚಿಹೋಗಿದ್ದರೆ, ಡೈರೆಕ್ಟರ್ ಇನ್ನೂ ಹೆಚ್ಚು ಕೊಡಬೇಕು. ಅವರು ತಲೆಯಾಡಿಸಿ ಸ್ಲಿಪ್ಪಿಗೆ ಸಹಿ ಹಾಕಿದರು. ಮುಂದಿನ ವಾರ ಅವರ ಕೈಯಲ್ಲಿ ಎಲೆಗಳು ಕೆಂಪು, ಕಪ್ಪು ಅಂತ ನಿಂತಿದ್ದವು.

ಮುಂದಿನ ಟ್ರಿಕ್ಕಿಗೆ ತಪ್ಪು ಮಾಡಿದ ಕಡೆಯವರು ಎಲೆ ಹಾಕುವ ಮೊದಲೇ ಗೊತ್ತಾದರೆ ಸರಿಪಡಿಸಲೇಬೇಕು. ಆಗ ಡಿಫೆಂಡರ್ ಹಾಕಿದ್ದ ತಪ್ಪು ಎಲೆ ಪೆನಾಲ್ಟಿ ಕಾರ್ಡ್ ಆಗಿ ಟೇಬಲ್ ಮೇಲೆ ಮುಖ ಮೇಲಾಗಿ ಉಳಿಯುತ್ತದೆ. ಡಿಕ್ಲೇರರ್‌ಗೆ ಪೆನಾಲ್ಟಿ ಕಾರ್ಡ್ ಇಲ್ಲ.

ಯೋಚನೆ, ತಡ, ಮುಜುಗರ

ಕ್ಲಬ್ಬುಗಳಲ್ಲಿ ಮನಸ್ತಾಪ ಆಗುವುದು ಜಾಸ್ತಿ ಇಲ್ಲೇ. ಯೋಚಿಸುವುದು ತಪ್ಪಲ್ಲ. ಬ್ರಿಡ್ಜ್ ಇರುವುದೇ ಯೋಚಿಸಲು. ತಪ್ಪಾಗುವುದು, ನೀವು ತಡ ಮಾಡಿದ್ದನ್ನು ನೋಡಿ ನಿಮ್ಮ ಪಾರ್ಟ್‌ನರ್ ಅದರಿಂದ ಲಾಭ ಮಾಡಿಕೊಂಡಾಗ.

ನೀವು 1 ಸ್ಪೇಡ್ ತೆರೆದಿರಿ. ಎಡಗಡೆ 2 ಹಾರ್ಟ್, ಪಾರ್ಟ್‌ನರ್ 2 ಸ್ಪೇಡ್, ಬಲಗಡೆ 3 ಹಾರ್ಟ್. ನೀವು ಇಪ್ಪತ್ತು ಸೆಕೆಂಡ್ ಚಾವಣಿ ನೋಡಿ ಪಾಸ್ ಅಂದಿರಿ. ಎಡಗಡೆಯವರೂ ಪಾಸ್. ಪಾರ್ಟ್‌ನರ್ ಕೈಯಲ್ಲಿ ಏನೂ ಹೆಚ್ಚಿಗೆ ಇಲ್ಲ, ಆದರೂ 3 ಸ್ಪೇಡ್ ಅಂದರು. ನಿಮ್ಮ ಆ ಇಪ್ಪತ್ತು ಸೆಕೆಂಡ್ "ನನ್ನತ್ರ ಇನ್ನೂ ಇದೆ" ಅಂತ ಹೇಳಿತ್ತು, ಅಲ್ವಾ? ಪಾಸ್ ಮಾಡುವುದೂ ಸಹಜ ಆಯ್ಕೆಯಾಗಿದ್ದರೆ ಅವರು ಪಾಸ್ ಮಾಡಬೇಕಿತ್ತು.

ಎದುರಾಳಿ ಇಲ್ಲಿ ಏನು ಮಾಡಬೇಕು? ಜಗಳ ಬೇಡ. "ಸ್ವಲ್ಪ ತಡ ಆಯ್ತು ಅಂತ ಒಪ್ಪುತ್ತೀರಾ?" ಅಂತ ಮೆಲ್ಲಗೆ ಕೇಳಿ. ಒಪ್ಪಿದರೆ ಆಟ ಮುಂದುವರಿಯಲಿ, ಒಪ್ಪದಿದ್ದರೆ ಆಗಲೇ ಡೈರೆಕ್ಟರನ್ನು ಕರೆಯಿರಿ. ಆಟ ಮುಗಿದ ಮೇಲೆ ನಷ್ಟ ಆಗಿದೆ ಅನಿಸಿದರೆ ಮತ್ತೆ ಕರೆಯಿರಿ. ಡೈರೆಕ್ಟರ್ ಆ ಪಾರ್ಟ್‌ನರ್ ಕೈಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಅದೇ ಮಟ್ಟದ, ಆ ಬೋರ್ಡನ್ನು ಆಗಲೇ ಆಡಿ ಮುಗಿಸಿದ ಮೂರ್ನಾಲ್ಕು ಜನರಿಗೆ ತೋರಿಸಿ, ತಡದ ವಿಷಯ ಹೇಳದೆ, "ಇಲ್ಲಿ ಏನು ಮಾಡ್ತೀರಿ?" ಅಂತ ಕೇಳಬೇಕು. ಅವರಲ್ಲಿ ಕೆಲವರು ನಿಜವಾಗಿ ಪಾಸ್ ಮಾಡುತ್ತೇವೆ ಅಂದರೆ, ಮತ್ತು 3 ಹಾರ್ಟ್ ಆಗುವಂಥದ್ದಾಗಿದ್ದರೆ, 3 ಸ್ಪೇಡ್ ಒಂದು ಡೌನ್ ಅಂತ ಬಂದ 50ರ ಬದಲು ಎದುರಾಳಿಗೆ 140 ಬರೆಯಬೇಕು. ಇದರಲ್ಲಿ ಯಾರನ್ನೂ ಮೋಸಗಾರ ಅಂದಂತಾಗಲಿಲ್ಲ. ತೀರ್ಪು ಹೇಳುವಾಗ ಡೈರೆಕ್ಟರ್ ಈ ವಾಕ್ಯವನ್ನು ಬಾಯಿ ಬಿಟ್ಟು ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಅದನ್ನು ಹೇಳದೆ ಹೋದದ್ದಕ್ಕೆ ಎರಡು ಜೋಡಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದನ್ನು ಕಂಡಿದ್ದೇನೆ.

ಕೈಯಲ್ಲಿ ಆ ಬಣ್ಣದ ಒಂದೇ ಎಲೆ ಇದ್ದಾಗಲೂ ಯೋಚಿಸುವವರ ಹಾಗೆ ಕೂರುವುದು ಬೇರೆ ವಿಷಯ. ಅದಕ್ಕೆ ಕ್ಷಮೆ ಇಲ್ಲ.

ಸರದಿ ತಪ್ಪಿದ ಲೀಡ್, ಕ್ಲೇಮ್

ಮೊದಲ ಎಲೆಯನ್ನು, ಅಂದರೆ ಲೀಡನ್ನು, ಯಾವಾಗಲೂ ಕವುಚಿ ಇಡಿ, "ಪ್ರಶ್ನೆ ಇದೆಯಾ?" ಅಂತ ಕೇಳಿ, ಆಮೇಲೆ ತಿರುಗಿಸಿ. ಸರದಿ ನಿಮ್ಮದಲ್ಲದಿದ್ದರೆ ಯಾರಾದರೂ ಹೇಳುತ್ತಾರೆ, ಡೈರೆಕ್ಟರ್ ಅದನ್ನು ಕೈಗೆ ವಾಪಸ್ ಕೊಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ತಿರುಗಿಸಿಬಿಟ್ಟರೆ ಡಿಕ್ಲೇರರ್‌ಗೆ ಐದು ಆಯ್ಕೆ ಇದೆ: ಲೀಡ್ ಒಪ್ಪಿ ತಮ್ಮ ಕೈಯನ್ನೇ ಡಮ್ಮಿಯಾಗಿ ಹರಡುವುದು, ಒಪ್ಪಿ ತಾವೇ ಆಡುವುದು, ಒಪ್ಪದೆ ಸರಿಯಾದ ಡಿಫೆಂಡರ್‌ಗೆ ಅದೇ ಬಣ್ಣ ಆಡಿ ಅನ್ನುವುದು, ಆ ಬಣ್ಣ ಆಡಬೇಡಿ ಅನ್ನುವುದು, ಏನಾದರೂ ಆಡಿ ಅಂತ ಬಿಟ್ಟು ಆ ಎಲೆಯನ್ನು ಪೆನಾಲ್ಟಿ ಕಾರ್ಡಾಗಿ ಉಳಿಸುವುದು. ಡೈರೆಕ್ಟರ್ ಐದನ್ನೂ ಹೇಳಬೇಕು, ಒಂದನ್ನೂ ಶಿಫಾರಸು ಮಾಡಬಾರದು. ನೆನಪಿನಿಂದ ಹೇಳಬೇಡಿ, ಪುಸ್ತಕ ತೆರೆದು ಓದಿ.

ಕ್ಲೇಮ್ ಮಾಡುವಾಗ "ಉಳಿದದ್ದೆಲ್ಲ ನಂದು" ಅಂತ ಎಲೆ ಹರಡಿದರೆ ಸಾಲದು. ಯಾವ ಕ್ರಮದಲ್ಲಿ ಆಡುತ್ತೀರಿ, ಹೊರಗಿರುವ ತುರುಫನ್ನು ಏನು ಮಾಡುತ್ತೀರಿ, ಹೇಳಿ. ಹೊರಗೆ ಒಂದು ತುರುಫು ಇದ್ದು ನೀವು ಅದರ ಸುದ್ದಿಯೇ ಎತ್ತದಿದ್ದರೆ, ಮರೆತಿರಬಹುದು ಅನ್ನುವ ಸಂಶಯ ನಿಮಗೆ ವಿರುದ್ಧವಾಗಿಯೇ ಹೋಗುತ್ತದೆ. ಎದುರಾಳಿ ಒಪ್ಪದಿದ್ದರೆ ಡೈರೆಕ್ಟರನ್ನು ಕರೆಯಿರಿ. ಎಲ್ಲ ಟ್ರಿಕ್ಕೂ ನಿಮ್ಮದೇ ಅಂತ ಗೊತ್ತಿದ್ದೂ ಎದುರಾಳಿಯನ್ನು ಕಾಡಿಸಲು ಒಂದೊಂದೇ ಎಲೆ ಹಾಕುತ್ತಾ ಕೂರುವುದೂ ನಿಯಮದ ಪ್ರಕಾರ ತಪ್ಪೇ.

ಮಾತು, ಬೈಗುಳ, ದಂಡ

ಬೋರ್ಡ್ ಮುಗಿದ ಮೇಲೆ "ಎಕ್ಕ ಯಾಕೆ ಇಟ್ಕೊಂಡ್ರಿ, ರಾಜ ಒಂಟಿ ಇತ್ತು" ಅಂತ ಜೋರಾಗಿ ಹೇಳುವುದರಿಂದ ಎರಡು ನಷ್ಟ. ಪಕ್ಕದ ಟೇಬಲ್ಲಿನವರು ಆ ಬೋರ್ಡ್ ಇನ್ನೂ ಆಡಬೇಕು, ಅವರಿಗೆ ಕೇಳಿಸಿತು. ಅದಕ್ಕಿಂತ ದೊಡ್ಡದು, ಕೇಳಿಸಿಕೊಂಡವರಿಗೆ ಮುಂದಿನ ಬೋರ್ಡಿನಲ್ಲಿ ಕೈ ನಡುಗುತ್ತದೆ. ಗಂಡ ಹೆಂಡತಿ ಜೋಡಿಗಳಲ್ಲಿ ಇದು ಜಾಸ್ತಿ, ಮನೆಯ ದನಿ ಟೇಬಲ್ಲಿಗೂ ಬಂದುಬಿಡುತ್ತದೆ. ತಮ್ಮ ಪಾರ್ಟ್‌ನರ್‌ಗೇ ಬೈದರೂ ಅದು ನಿಯಮ 74ರ ಕೆಳಗೆ ಬರುತ್ತದೆ, "ನಮ್ಮಿಬ್ಬರ ವಿಷಯ" ಅಂತ ಡೈರೆಕ್ಟರ್ ಬಿಡಬೇಕಾಗಿಲ್ಲ. ಕೇಳದೆ ಪಾಠ ಹೇಳುವುದೂ ಬೇಡ. ಹೊಸಬರು ಕೇಳಿದರೆ ಆಟ ಮುಗಿದ ಮೇಲೆ ಕಾಫಿ ಹೊತ್ತಿನಲ್ಲಿ ಹೇಳಿಕೊಡಿ.

ಡೈರೆಕ್ಟರ್ ಕ್ರಮ ಹೀಗಿರಲಿ. ಮೊದಲ ಸಲ, ಬಗ್ಗಿ ಮೆಲ್ಲಗೆ ಎಚ್ಚರಿಕೆ. ಎರಡನೇ ಸಲ ದಂಡ. ಎಷ್ಟು ಅನ್ನುವುದನ್ನು ಕ್ಲಬ್ಬು ಮೊದಲೇ ಗೊತ್ತುಮಾಡಿರಬೇಕು, ಒಂದು ಬೋರ್ಡಿನ ಪೂರ್ತಿ ಅಂಕದ 10ನೇ ಒಂದು ಭಾಗ ಅಂದರೆ ಸಾಕಷ್ಟು ಚುರುಕು ಮುಟ್ಟುತ್ತದೆ. ಮತ್ತೂ ನಿಲ್ಲದಿದ್ದರೆ ಆ ದಿನದ ಮಟ್ಟಿಗೆ ಹೊರಗೆ ಕಳಿಸುವ ಅಧಿಕಾರ ನಿಯಮ 91 ಕೊಡುತ್ತದೆ. ತಡ ಮಾಡುವುದು, ಎಲೆ ತಪ್ಪು ಜೇಬಿಗೆ ಹಾಕುವುದು, ಬೇರೆಯವರ ಎಲೆ ಮುಟ್ಟುವುದು ಇವಕ್ಕೂ ಎಚ್ಚರಿಕೆ ಆಮೇಲೆ ದಂಡ. ಹೊಸಬರಿಗೆ ಎಚ್ಚರಿಕೆ ಧಾರಾಳವಾಗಿರಲಿ. ಆದರೆ ಟ್ರಿಕ್ ದಾಟಿಸುವಂಥ ತೀರ್ಪಿನಲ್ಲಿ ಹೊಸಬರು, ಕ್ಲಬ್ಬಿನ ಅಧ್ಯಕ್ಷರು ಅಂತ ಭೇದ ಮಾಡಲೇಬೇಡಿ. ಒಮ್ಮೆ ಮಾಡಿದರೆ ಹಾಲ್ ಪೂರ್ತಿ ನೆನಪಿಟ್ಟುಕೊಳ್ಳುತ್ತದೆ.

ಡೈರೆಕ್ಟರೇ ತಪ್ಪಿದರೆ

ಆಗುತ್ತದೆ. ಒಮ್ಮೆ ನಾನು ಎರಡು ಟ್ರಿಕ್ ದಾಟಿಸಬೇಕಾದಲ್ಲಿ ಒಂದೇ ದಾಟಿಸಿದೆ, ಪುಸ್ತಕ ತೆರೆಯದೆ ಹೇಳಿದ್ದರ ಫಲ. ಸ್ಕೋರ್ ಹಾಕುವಾಗ ಅನುಮಾನ ಬಂದು ಓದಿದೆ, ಎರಡೂ ಜೋಡಿಯನ್ನು ಹುಡುಕಿಕೊಂಡು ಹೋಗಿ ಹೇಳಿ ತಿದ್ದಿದೆ. ತಿದ್ದಲು ಆಗದ ಮಟ್ಟಿಗೆ ಆಟ ಮುಂದೆ ಹೋಗಿದ್ದರೆ, ಡೈರೆಕ್ಟರ್ ತಪ್ಪಿನ ಮಟ್ಟಿಗೆ ಎರಡೂ ಪಕ್ಷವನ್ನು ತಪ್ಪು ಮಾಡದವರು ಅಂತಲೇ ನೋಡಿ ಅಂಕ ಕೊಡಬೇಕು.

ತೀರ್ಪು ಒಪ್ಪಿಗೆ ಇಲ್ಲದವರು ಟೇಬಲ್ಲಿನಲ್ಲಿ ವಾದ ಮಾಡದೆ ಮೇಲ್ಮನವಿ ಕೊಡಬಹುದು. ಕ್ಲಬ್ಬು ಬೇರೆ ಹೇಳಿರದಿದ್ದರೆ, ಫಲಿತಾಂಶ ನೋಡಲು ಸಿಕ್ಕ ಮೇಲೆ 30 ನಿಮಿಷ ಸಮಯ ಇರುತ್ತದೆ. ಬರೆದ ಸ್ಕೋರಿನ ತಪ್ಪು ತಿದ್ದಿಸಲೂ ಅಷ್ಟೇ ಹೊತ್ತು. ಅದಕ್ಕೆ ನಮ್ಮಲ್ಲಿ ಸ್ಕೋರ್ ಹಾಳೆಯನ್ನು ಬಾಗಿಲ ಪಕ್ಕದ ನೋಟಿಸ್ ಬೋರ್ಡಿಗೆ ಚುಚ್ಚಿ, ಮೇಲ್ಗಡೆ ಹಾಕಿದ ಸಮಯ ಬರೆಯುತ್ತೇವೆ: 8.40. ಜನ ಚಪ್ಪಲಿ ಹಾಕಿಕೊಳ್ಳುತ್ತಾ ತಮ್ಮ ಬೋರ್ಡುಗಳನ್ನು ಬೆರಳಿಟ್ಟು ನೋಡುತ್ತಾರೆ. 9.10 ಆಗುವವರೆಗೂ ನಾನು ಪೆನ್ನು ಜೇಬಿಗೆ ಹಾಕುವುದಿಲ್ಲ.